ಮನೆಯಲ್ಲೇ ಕಲಿತು ಮೊದಲ ಐಟಿ ಕೆಲಸ: ಸಪೋರ್ಟ್, ಟೆಸ್ಟಿಂಗ್, ಡೇಟಾ, ವೆಬ್ – ಯಾವ ದಾರಿ ಯಾರಿಗೆ?

ಹಬ್ಬಕ್ಕೆ ಊರಿಗೆ ಹೋದರೆ ಸಾಕು, ಯಾರಾದರೂ ಒಬ್ಬರು ಮಗನನ್ನೋ ಮಗಳನ್ನೋ ಕರೆದುಕೊಂಡು ಬರುತ್ತಾರೆ. "ಡಿಗ್ರಿ ಮುಗಿದು ವರ್ಷ ಆಯ್ತು ಕಣಪ್ಪ, ಇವನು ಏನು ಕಲಿತರೆ ಕೆಲಸ ಸಿಗುತ್ತೆ, ಸ್ವಲ್ಪ ಹೇಳು" ಅನ್ನುತ್ತಾರೆ. ಹುಡುಗನ ಫೋನ್ ನೋಡಿದರೆ ಪೈಥಾನ್ ವಿಡಿಯೊ ಅರ್ಧಕ್ಕೆ ನಿಂತಿದೆ. ಜಾವಾ ಕಾಲು ಭಾಗ. ಎಥಿಕಲ್ ಹ್ಯಾಕಿಂಗ್ ಹತ್ತು ನಿಮಿಷ. ಸ್ನೇಹಿತ ಡೇಟಾ ಸೈನ್ಸ್ ಅಂದಿದ್ದಾನೆ, ಚಿಕ್ಕಪ್ಪನ ಮಗ ಫುಲ್ ಸ್ಟಾಕ್ ಅಂದಿದ್ದಾನೆ. ಎಐ ಬಂದ ಮೇಲೆ ಕೋಡಿಂಗ್ ಕಲಿತು ಪ್ರಯೋಜನವೇ ಇಲ್ಲ ಅಂತ ಇನ್ಯಾರೋ ಹೆದರಿಸಿದ್ದಾರೆ. ಒಂದು ವರ್ಷ ಹೀಗೇ ಕಳೆದುಹೋಗಿದೆ.

ನಾನೂ ತಾಲ್ಲೂಕು ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವನು. ಸರ್ವಿಸ್ ಡೆಸ್ಕ್‌ನಲ್ಲಿ ಫೋನ್ ಎತ್ತುವ ಕೆಲಸದಿಂದ ಶುರು ಮಾಡಿ ಟೆಸ್ಟಿಂಗ್‌ಗೆ, ಅಂದರೆ ತಂತ್ರಾಂಶದಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಬಂದೆ. ಈಗ ಕೆಲವು ವರ್ಷಗಳಿಂದ ಫ್ರೆಶರ್‌ಗಳ ಇಂಟರ್‌ವ್ಯೂ ತೆಗೆದುಕೊಳ್ಳುತ್ತೇನೆ. ಹಾಗಾಗಿ ಯಾರೇ ಬಂದು ಕೇಳಿದರೂ ನಾನು ಮೊದಲು "ಯಾವ ಭಾಷೆ ಇಷ್ಟ?" ಅಂತ ಕೇಳುವುದಿಲ್ಲ. "ಮನೆಯಲ್ಲಿ ಇನ್ನೂ ಎಷ್ಟು ತಿಂಗಳು ಕಾಯ್ತಾರೆ?" ಅಂತ ಕೇಳುತ್ತೇನೆ. ದಾರಿ ಆರಿಸುವುದಕ್ಕೆ ಅದಕ್ಕಿಂತ ದೊಡ್ಡ ಅಳತೆ ನನಗೆ ಇನ್ನೂ ಸಿಕ್ಕಿಲ್ಲ.

ಮೊದಲು ಅಳತೆಗಳು

ತಿಂಗಳ ಲೆಕ್ಕವನ್ನು ಪ್ರಾಮಾಣಿಕವಾಗಿ ಹಾಕಿ. ದಿನಕ್ಕೆ ಮೂರು ಗಂಟೆ ನಿಜವಾಗಿ ಕೂರುವುದಾದರೆ ನಾಲ್ಕು ತಿಂಗಳಲ್ಲಿ ಮುಗಿಯುವ ದಾರಿಯೂ ಇದೆ, ವರ್ಷ ಹಿಡಿಯುವ ದಾರಿಯೂ ಇದೆ. ಕಲಿಯುವ ತಿಂಗಳುಗಳ ಮೇಲೆ ಕೆಲಸ ಹುಡುಕುವುದಕ್ಕೆ ಇನ್ನೂ ಎರಡು ಮೂರು ತಿಂಗಳು ಸೇರಿಸಿ. ಇದನ್ನು ಎಲ್ಲರೂ ಮರೆಯುತ್ತಾರೆ. ಆರು ತಿಂಗಳು ಕೈಯಲ್ಲಿದೆ ಅಂದರೆ ಕಲಿಕೆಗೆ ಸಿಗುವುದು ನಾಲ್ಕೇ.

ಎರಡನೆಯದು ದುಡ್ಡು ಮತ್ತು ಲ್ಯಾಪ್‌ಟಾಪ್. ಫೋನಿನಲ್ಲಿ ವಿಡಿಯೊ ನೋಡಬಹುದು, ಕೆಲಸ ಕಲಿಯಲು ಆಗುವುದಿಲ್ಲ. ಹೊಸದೇ ಬೇಕಾಗಿಲ್ಲ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರಲೇಬೇಕು. ಬ್ಯಾಟರಿ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಅಂಗಡಿಯಲ್ಲೇ ಚಾರ್ಜರ್ ತೆಗೆದು ನೋಡಿ. ಅದೂ ಆಗದಿದ್ದರೆ ಊರಿನ ಗ್ರಾಮ ಪಂಚಾಯಿತಿ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆಯಾ ಅಂತ ಒಮ್ಮೆ ವಿಚಾರಿಸಿ. ಡಿಗ್ರಿ ಮುಗಿದು 180 ದಿನ ಕೆಲಸ ಸಿಗದವರಿಗೆ ಅಂತ ರಾಜ್ಯ ಸರ್ಕಾರ 2024ರ ಜನವರಿಯಲ್ಲಿ ಯುವನಿಧಿ ಶುರು ಮಾಡಿತು. ಅರ್ಹ ಪದವೀಧರರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ನೀವು ಅರ್ಹರಾ ಅಂತ ನೋಡಿಕೊಳ್ಳಿ. ಇಂಟರ್‌ನೆಟ್ ರೀಚಾರ್ಜ್, ಪರೀಕ್ಷೆಯ ಫೀಸು, ಬೆಂಗಳೂರಿಗೆ ಒಂದು ಬಸ್ ಚಾರ್ಜು ಇದರಲ್ಲಿ ಆರಾಮಾಗಿ ಹೋಗುತ್ತದೆ.

ಮೂರನೆಯದು, ಆ ದಾರಿಯಲ್ಲಿ ಅನುಭವ ಇಲ್ಲದವರಿಗೆ ನಿಜವಾಗಿ ಬಾಗಿಲು ಇದೆಯಾ ಅನ್ನುವುದು. ಒಂದು ಕೆಲಸಕ್ಕೆ ಸಂಬಳ ಜಾಸ್ತಿ ಅಂತ ಕೇಳಿರುತ್ತೀರಿ. ಆದರೆ ಆ ಸಂಬಳ ಐದು ವರ್ಷ ಅನುಭವ ಇರುವವರದ್ದು. ಫ್ರೆಶರ್ ವಿಷಯ ಬೇರೆ.

ನಾಲ್ಕನೆಯದು ಇಂಗ್ಲಿಷ್ ಮಾತು. ಕನ್ನಡ ಮೀಡಿಯಮ್‌ನಲ್ಲಿ ಓದಿದವರು ಇದಕ್ಕೇ ಹೆಚ್ಚು ಹೆದರುತ್ತಾರೆ. ಎಲ್ಲ ಕೆಲಸಕ್ಕೂ ಒಂದೇ ಮಟ್ಟದ ಇಂಗ್ಲಿಷ್ ಬೇಡ. ಕೆಲವಕ್ಕೆ ಮಾತು ಬೇಕು, ಕೆಲವಕ್ಕೆ ಬರವಣಿಗೆ ಸಾಕು. ಕೊನೆಯದು, ಕಲಿತದ್ದಕ್ಕೆ ಗುರುತಾಗಿ ಏನು ತೋರಿಸಬಹುದು ಮತ್ತು ಎರಡು ಮೂರು ವರ್ಷದ ಮೇಲೆ ಅಲ್ಲಿಂದ ಎಲ್ಲಿಗೆ ಹೋಗಬಹುದು.

ಇಲ್ಲೇ ಒಂದು ಮಾತು. ಬಿ.ಇ., ಎಂಸಿಎ ಅಥವಾ ಬಿಸಿಎ ಆಗಿ, ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗೆ 60 ಪರ್ಸೆಂಟ್ ಮೇಲೆ ಇದ್ದರೆ ದೊಡ್ಡ ಕಂಪನಿಗಳ ಪರೀಕ್ಷೆಗಳನ್ನು ಬಿಡಬೇಡಿ. ಟಿಸಿಎಸ್ ಎನ್‌ಕ್ಯೂಟಿ ಬರೆಯಿರಿ. ಬಿಸಿಎ, ಬಿ.ಎಸ್ಸಿ. ಆದವರಿಗೆ ಕೆಲಸ ಕೊಟ್ಟು ಜೊತೆಗೇ ಎಂ.ಟೆಕ್. ಓದಿಸುವ ವಿಪ್ರೋದ ವಿಲ್ಪ್‌ನಂಥ ಯೋಜನೆಗಳಿವೆ, ಅವನ್ನೂ ನೋಡಿ. ಎಂಜಿನಿಯರ್‌ಗಳಿಗೇ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಿಂದ ಶುರುವಾಗುತ್ತದೆ, ಬಹಳ ವರ್ಷಗಳಿಂದ ಅಲ್ಲೇ ನಿಂತಿದೆ. ಆದರೂ ಟ್ರೈನಿಂಗ್ ಅವರೇ ಕೊಡುತ್ತಾರೆ. ಈ ಬರಹ ಹೆಚ್ಚಾಗಿ ಆ ಬಾಗಿಲು ಮುಚ್ಚಿರುವವರಿಗೆ. ಅಂದರೆ ಬಿ.ಕಾಂ., ಬಿ.ಎ. ಆದವರು, ಮಧ್ಯೆ ಒಂದೆರಡು ಸಬ್ಜೆಕ್ಟ್ ಉಳಿಸಿಕೊಂಡು ಪಾಸಾದವರು, ಎರಡು ವರ್ಷ ಗ್ಯಾಪ್ ಆದವರು.

ಟೆಕ್ನಿಕಲ್ ಸಪೋರ್ಟ್: ಬೇಗ ಸಿಗುವ ದಾರಿ

ಕಂಪನಿಯ ನೌಕರರ ಕಂಪ್ಯೂಟರ್, ನೆಟ್‌ವರ್ಕ್, ಪ್ರಿಂಟರ್, ಪಾಸ್‌ವರ್ಡ್, ಇವುಗಳ ತೊಂದರೆ ಸರಿ ಮಾಡುವ ಕೆಲಸ. ಸರ್ವಿಸ್ ಡೆಸ್ಕ್, ಡೆಸ್ಕ್‌ಟಾಪ್ ಸಪೋರ್ಟ್, ಎಲ್1 (ಮೊದಲ ಹಂತದ ಸಪೋರ್ಟ್) ಅಂತೆಲ್ಲ ಕರೆಯುತ್ತಾರೆ. ಮೂರು ನಾಲ್ಕು ತಿಂಗಳಲ್ಲಿ ಇಂಟರ್‌ವ್ಯೂಗೆ ಕೂರುವ ಮಟ್ಟಕ್ಕೆ ಬರಬಹುದು. ಡಿಗ್ರಿ ಯಾವುದು ಅಂತ ಜಾಸ್ತಿ ಕೇಳುವುದಿಲ್ಲ.

ಇಂಟರ್‌ವ್ಯೂನಲ್ಲಿ ನಾನು ಕೇಳುವ ಒಂದು ಪ್ರಶ್ನೆ ಇದು. "ಒಬ್ಬರು ಫೋನ್ ಮಾಡಿ ಇಂಟರ್‌ನೆಟ್ ಬರ್ತಿಲ್ಲ ಅಂತಾರೆ. ಏನು ಮಾಡ್ತೀಯ?" ಹೆಚ್ಚಿನವರು "ರೀಸ್ಟಾರ್ಟ್ ಮಾಡಿಸ್ತೀನಿ ಸರ್" ಅನ್ನುತ್ತಾರೆ. ಒಮ್ಮೆ ಒಬ್ಬ ಡಿಪ್ಲೊಮಾ ಹುಡುಗ ಹೀಗೆ ಹೇಳಿದ: "ಮೊದಲು ಅವರೊಬ್ಬರಿಗೇನಾ, ಪಕ್ಕದವರಿಗೂ ಬರ್ತಿಲ್ವಾ ಅಂತ ಕೇಳ್ತೀನಿ. ಆಮೇಲೆ ಐಪಿ ಅಡ್ರೆಸ್ ನೋಡಿಸ್ತೀನಿ. 169.254 ಅಂತ ಶುರುವಾದ್ರೆ ಅಡ್ರೆಸ್ ಹಂಚೋ ಡಿಎಚ್‌ಸಿಪಿಯಿಂದ ಅಡ್ರೆಸ್ಸೇ ಬಂದಿಲ್ಲ ಅಂತ. ಅಡ್ರೆಸ್ ಸರಿ ಇದ್ರೆ ಗೂಗಲ್‌ನ 8.8.8.8ಕ್ಕೆ ಪಿಂಗ್ ಮಾಡಿ ಉತ್ತರ ಬರುತ್ತಾ ನೋಡ್ತೀನಿ. ಅದು ಹೋಗಿ ವೆಬ್‌ಸೈಟ್ ಮಾತ್ರ ತೆರೀತಿಲ್ಲ ಅಂದ್ರೆ ಡಿಎನ್‌ಎಸ್ ತೊಂದರೆ, ಸೈಟಿನ ಹೆಸರಿಂದ ಅಡ್ರೆಸ್ ಹುಡುಕೋದು ಆಗ್ತಿಲ್ಲ." ಇಂಗ್ಲಿಷ್ ತಡವರಿಸುತ್ತಿತ್ತು, ಆದರೆ ಒಂದಾದ ಮೇಲೆ ಒಂದು ಹೆಜ್ಜೆ ಎಲ್ಲೂ ತಪ್ಪಲಿಲ್ಲ. ಅವನನ್ನು ತೆಗೆದುಕೊಂಡೆವು.

ಇಷ್ಟನ್ನು ಕಲಿಯಲು ಒಂದು ರೂಪಾಯಿ ಖರ್ಚಿಲ್ಲ. ಸಿಸ್ಕೊ ನೆಟ್‌ವರ್ಕಿಂಗ್ ಅಕಾಡೆಮಿಯಲ್ಲಿ ಶುರುವಿನ ಪಾಠಗಳು ಉಚಿತ. ಅವರದ್ದೇ ಪ್ಯಾಕೆಟ್ ಟ್ರೇಸರ್ ಅನ್ನುವ ತಂತ್ರಾಂಶದಲ್ಲಿ ರೌಟರ್, ಸ್ವಿಚ್ ಯಾವುದನ್ನೂ ಕೊಳ್ಳದೆ ಪರದೆಯ ಮೇಲೆಯೇ ನೆಟ್‌ವರ್ಕ್ ಜೋಡಿಸಿ ನೋಡಬಹುದು. ವಿಂಡೋಸ್ ಕಡೆಗೆ ಮೈಕ್ರೋಸಾಫ್ಟ್ ಲರ್ನ್ ಇದೆ. ಸಿಸ್ಕೊದ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಸಿಸಿಎನ್‌ಎ ಮಾಡಲೇ ಅಂತ ಕೇಳುತ್ತಾರೆ. ಪರೀಕ್ಷೆಗೆ 300 ಡಾಲರ್, ಮೇಲೆ ತೆರಿಗೆ. ಮೂರು ವರ್ಷದೊಳಗೆ ನವೀಕರಿಸಬೇಕು. ಮನೆಯ ದುಡ್ಡಿನಲ್ಲಿ ಅದನ್ನು ಬರೆಯಬೇಡಿ. ಪಾಠ ಓದಿಕೊಳ್ಳಿ. ಪರೀಕ್ಷೆಯನ್ನು ಕೆಲಸ ಸಿಕ್ಕಿದ ಮೇಲೆ ನಿಮ್ಮ ಸಂಬಳದಲ್ಲಿ ಬರೆಯಿರಿ.

ಕಷ್ಟ ಎಲ್ಲಿದೆ ಅಂದರೆ ಶಿಫ್ಟ್‌ನಲ್ಲಿ. ಹೊರದೇಶದ ಗ್ರಾಹಕರಿದ್ದರೆ ರಾತ್ರಿ ಕೆಲಸ. ಗ್ರಾಹಕರ ಕರೆ ತೆಗೆದುಕೊಳ್ಳುವ ಕಡೆ ಮಾತಾಡುವ ಇಂಗ್ಲಿಷ್ ಬೇಕೇ ಬೇಕು. ಬೆಂಗಳೂರಿನಲ್ಲಿ ನಾನು ನೋಡಿದ ಮಟ್ಟಿಗೆ ಶುರುವಿನ ಸಂಬಳ ತಿಂಗಳಿಗೆ ಹದಿನೈದರಿಂದ ಇಪ್ಪತ್ತು ಸಾವಿರ. ಪಿಜಿ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಜಾಸ್ತಿ ಉಳಿಯುವುದಿಲ್ಲ. ಇನ್ನೊಂದು ಅಪಾಯ, ಇಲ್ಲೇ ನಾಲ್ಕೈದು ವರ್ಷ ಕೂತುಬಿಡುವುದು. ಮೊದಲ ವರ್ಷ ಮುಗಿಯುವುದರೊಳಗೆ ಲಿನಕ್ಸ್ ಅಥವಾ ನೆಟ್‌ವರ್ಕಿಂಗ್ ಕಡೆ ಕಲಿಕೆ ಶುರು ಮಾಡಿದವರು ಮುಂದೆ ಕ್ಲೌಡ್‌ಗೋ (ಇಂಟರ್‌ನೆಟ್ ಮೂಲಕ ಬಾಡಿಗೆಗೆ ಪಡೆಯುವ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ) ಸೆಕ್ಯುರಿಟಿಗೋ ಹೋಗುತ್ತಾರೆ. ಮಾಡದವರು ಅದೇ ಪಾಸ್‌ವರ್ಡ್ ರೀಸೆಟ್ ಮಾಡುತ್ತಾ ಇರುತ್ತಾರೆ.

ಟೆಸ್ಟಿಂಗ್: ಗಮನ ಇರುವವರಿಗೆ

ನನ್ನ ಕೆಲಸ ಇದೇ ಆದ್ದರಿಂದ ಪ್ರೀತಿ ಸ್ವಲ್ಪ ಜಾಸ್ತಿ. ಆದರೂ ಇರುವುದನ್ನು ಇರುವ ಹಾಗೇ ಹೇಳುತ್ತೇನೆ. ಬರೀ ಮ್ಯಾನ್ಯುಯಲ್ ಟೆಸ್ಟಿಂಗ್ (ಕೈಯಿಂದಲೇ ಪರೀಕ್ಷಿಸುವುದು) ಕಲಿತು ಕೆಲಸ ಹುಡುಕುವ ಕಾಲ ಹೋಗುತ್ತಿದೆ. ಈಗ ಅದರ ಜೊತೆ ಮೂರು ಬೇಕು: ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ), ಎಪಿಐ (ಒಂದು ತಂತ್ರಾಂಶ ಇನ್ನೊಂದರ ಜೊತೆ ಮಾತಾಡುವ ದಾರಿ) ಪರೀಕ್ಷಿಸುವುದು, ಪರೀಕ್ಷೆಯನ್ನು ತಾನಾಗಿ ನಡೆಸುವ ಒಂದು ಆಟೊಮೇಷನ್ ಟೂಲ್. ಎಪಿಐಗೆ ಪೋಸ್ಟ್‌ಮ್ಯಾನ್ ಸಾಕು, ಅದು ಹುಟ್ಟಿದ್ದೂ ನಮ್ಮ ಬೆಂಗಳೂರಿನಲ್ಲೇ. ಆಟೊಮೇಷನ್‌ಗೆ ಸೆಲೆನಿಯಂ ಹಳೆಯದು, 2004ರಿಂದ ಇದೆ, ಜಾಹೀರಾತುಗಳಲ್ಲಿ ಇವತ್ತಿಗೂ ಇದನ್ನೇ ಕೇಳುತ್ತಾರೆ. ಪ್ಲೇರೈಟ್ ಹೊಸದು, ಕಲಿಯಲು ಸುಲಭ. ಒಟ್ಟು ಐದಾರು ತಿಂಗಳು ಇಟ್ಟುಕೊಳ್ಳಿ.

ಕೋಡಿಂಗ್ ಸ್ವಲ್ಪ ಸಾಕು. ಇಂಗ್ಲಿಷ್ ಬರೆಯಲು ಬಂದರೆ ಮಾತು ನಿಧಾನಕ್ಕೆ ಬರುತ್ತದೆ. ಆದರೆ ಗಮನ ಬೇಕು, ಅದನ್ನು ಯಾವ ಕೋರ್ಸೂ ಕೊಡುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಬಹಳ ಜನಕ್ಕೆ ಸರ್‌ನೇಮ್ ಇಲ್ಲ, ಇನಿಷಿಯಲ್ ಮಾತ್ರ. ಮಂಜುನಾಥ ಎಚ್. ಅಂತ ಹೆಸರು. ಎಷ್ಟೋ ಫಾರ್ಮ್‌ಗಳಲ್ಲಿ "ಕೊನೆಯ ಹೆಸರು ಕನಿಷ್ಠ ಎರಡು ಅಕ್ಷರ ಇರಬೇಕು" ಅಂತ ಬರುತ್ತದೆ. ಮಂಜುನಾಥ ಅಲ್ಲೇ ನಿಂತುಬಿಡುತ್ತಾನೆ. ಇದನ್ನು ನೀವು ಹತ್ತು ಸಲ ಅನುಭವಿಸಿರುತ್ತೀರಿ, ಅಲ್ವಾ? ಅದನ್ನೇ ಬಗ್ ರಿಪೋರ್ಟ್ (ತಪ್ಪಿನ ವರದಿ) ಆಗಿ ಬರೆಯಿರಿ. ಯಾವ ಪುಟ, ಏನು ಟೈಪ್ ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಯಾರಿಗೆ ತೊಂದರೆ, ಒಂದು ಸ್ಕ್ರೀನ್‌ಶಾಟ್. ಪಿನ್ ಕೋಡ್‌ಗೆ ಐದೇ ಅಂಕಿ ಹಾಕಿದರೆ? ಹೆಸರಿನ ಮುಂದೆ ಒಂದು ಖಾಲಿ ಜಾಗ ಬಿದ್ದರೆ? ಕನ್ನಡದಲ್ಲಿ ಹೆಸರು ಬರೆದು ಸೇವ್ ಮಾಡಿದರೆ ಒತ್ತಕ್ಷರ ಸರಿಯಾಗಿ ಕಾಣುತ್ತಾ? ಹೀಗೆ ಇಪ್ಪತ್ತು ರಿಪೋರ್ಟ್ ಬರೆದು ಒಂದು ಫೈಲ್ ಮಾಡಿಟ್ಟುಕೊಂಡವರನ್ನು ನಾನು ಇಂಟರ್‌ವ್ಯೂನಲ್ಲಿ ಅರ್ಧ ಗಂಟೆ ಅದರ ಮೇಲೇ ಮಾತಾಡಿಸುತ್ತೇನೆ. ಥಿಯರಿ ಪ್ರಶ್ನೆಗೆ ಹೋಗುವುದೇ ಇಲ್ಲ.

ಟೆಸ್ಟಿಂಗ್ ಸರ್ಟಿಫಿಕೇಟ್‌ಗೆ ಐಎಸ್‌ಟಿಕ್ಯೂಬಿ ಫೌಂಡೇಷನ್ ಅನ್ನುವ ಪರೀಕ್ಷೆ ಇದೆ. 40 ಪ್ರಶ್ನೆ, 60 ನಿಮಿಷ, 26 ಸರಿ ಬಂದರೆ ಪಾಸ್. ಇಂಗ್ಲಿಷ್ ಮಾತೃಭಾಷೆ ಅಲ್ಲದವರಿಗೆ 15 ನಿಮಿಷ ಜಾಸ್ತಿ ಕೊಡುತ್ತಾರೆ. ಸಿಲಬಸ್ ಉಚಿತವಾಗಿ ಡೌನ್‌ಲೋಡ್ ಮಾಡಿ ಓದಬಹುದು. ಅದನ್ನು ಓದಿ. ಫೀಸು ಕಟ್ಟುವ ಶಕ್ತಿ ಇದ್ದರೆ ಬರೆಯಿರಿ, ಇಲ್ಲದಿದ್ದರೆ ತೊಂದರೆ ಇಲ್ಲ.

ಡೇಟಾ: ಬಿ.ಕಾಂ. ಓದಿದವರಿಗೆ ಹತ್ತಿರದ ಬಾಗಿಲು

ಇಲ್ಲಿ ಹೆಸರುಗಳ ಗೊಂದಲ ಬಹಳ. ಡೇಟಾ ಸೈನ್ಸ್ ಅನ್ನುವ ಕೆಲಸಕ್ಕೆ ಗಣಿತ, ಸಂಖ್ಯಾಶಾಸ್ತ್ರ, ಹೆಚ್ಚಾಗಿ ಮಾಸ್ಟರ್ಸ್ ಡಿಗ್ರಿ ಕೇಳುತ್ತಾರೆ. ಆರು ತಿಂಗಳ ಕೋರ್ಸ್ ಮಾಡಿದ ಫ್ರೆಶರ್‌ಗೆ ಅದು ಸಿಗುವುದು ಕಡಿಮೆ. ಸಿಗುವುದು ಅದರ ಕೆಳಗಿನ ಮೆಟ್ಟಿಲು: ಎಂಐಎಸ್ ಎಕ್ಸಿಕ್ಯುಟಿವ್ (ಕಂಪನಿಯ ಅಂಕಿಅಂಶಗಳಿಂದ ವರದಿ ತಯಾರಿಸುವವರು), ರಿಪೋರ್ಟಿಂಗ್ ಅನಾಲಿಸ್ಟ್, ಜೂನಿಯರ್ ಡೇಟಾ ಅನಾಲಿಸ್ಟ್. ಎಂಐಎಸ್ ಅನ್ನುವ ಪದ ಹಾಕಿ ಹುಡುಕಿ ನೋಡಿ. ಐಟಿ ಕಂಪನಿಗಳಲ್ಲದೆ ಆಸ್ಪತ್ರೆ, ಫೈನಾನ್ಸ್, ಕಾರ್ಖಾನೆ, ಗೋದಾಮುಗಳಲ್ಲೂ ಈ ಕೆಲಸ ಇದೆ. ಹುಬ್ಬಳ್ಳಿ, ಮಂಗಳೂರು, ಮೈಸೂರಿನಲ್ಲೂ ಇದೆ. ಮನೆ ಬಿಟ್ಟು ದೂರ ಹೋಗಲು ಆಗದವರಿಗೆ ಇದು ದೊಡ್ಡ ಅನುಕೂಲ.

ಕಲಿಯಬೇಕಾದ್ದು ಇಷ್ಟು. ಎಕ್ಸೆಲ್ ಚೆನ್ನಾಗಿ, ಅಂದರೆ ಪಿವಟ್ ಟೇಬಲ್, ಲುಕಪ್, ಚೆಲ್ಲಾಪಿಲ್ಲಿಯಾದ ಶೀಟನ್ನು ಶುಚಿ ಮಾಡುವುದು. ಆಮೇಲೆ ಎಸ್‌ಕ್ಯೂಎಲ್, ಜಾಯಿನ್ (ಪಟ್ಟಿಗಳನ್ನು ಜೋಡಿಸುವುದು) ಮತ್ತು ಗ್ರೂಪ್ ಬೈ (ಗುಂಪು ಮಾಡಿ ಲೆಕ್ಕ ಹಾಕುವುದು) ನೀರು ಕುಡಿದಷ್ಟು ಸುಲಭ ಆಗುವ ತನಕ. ಆಮೇಲೆ ಅಂಕಿಗಳನ್ನು ಚಿತ್ರವಾಗಿ ತೋರಿಸುವ ಪವರ್ ಬಿಐ. ಅದರ ಡೆಸ್ಕ್‌ಟಾಪ್ ಆವೃತ್ತಿ ಉಚಿತ, ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ಪೈಥಾನ್ ಕೊನೆಗೆ. ನಾಲ್ಕರಿಂದ ಆರು ತಿಂಗಳು.

ಪ್ರಾಜೆಕ್ಟ್ ಅಂತ ಎಲ್ಲರೂ ಒಂದೇ ಮಾಡಿಕೊಂಡು ಬರುತ್ತಾರೆ. ಇಂಟರ್‌ನೆಟ್‌ನಲ್ಲಿ ಸಿಗುವ ಟೈಟಾನಿಕ್ ಹಡಗಿನ ಪ್ರಯಾಣಿಕರ ಪಟ್ಟಿ. ನೋಡಿ ನೋಡಿ ಸಾಕಾಗಿದೆ. ಒಬ್ಬಳು ಹುಡುಗಿ ಮಾತ್ರ ಬೇರೆಯದನ್ನು ತಂದಿದ್ದಳು. ಅವರ ಮನೆಯಲ್ಲಿ ಎರಡು ಹಸು, ಡೈರಿಗೆ ಹಾಲು ಹಾಕುತ್ತಾರೆ. ಡೈರಿಯ ಪಾಸ್‌ಬುಕ್‌ನಲ್ಲಿ ದಿನಾ ಬೆಳಗ್ಗೆ, ಸಂಜೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಅಂತ ಬರೆದಿರುತ್ತಾರಲ್ಲ, ಅದನ್ನು ಮೂರು ತಿಂಗಳದ್ದು ಕೂತು ಎಕ್ಸೆಲ್‌ಗೆ ಏರಿಸಿದ್ದಳು. ಅಕ್ಕಪಕ್ಕದ ಎರಡು ಮನೆಯದ್ದನ್ನೂ ಕೇಳಿ ತಂದಿದ್ದಳು. ಶೀಟ್ ತೆರೆದು ಮೊದಲು ತೋರಿಸಿದ್ದೇ ಒಂದು ತಪ್ಪು. "ಸರ್, ಇಲ್ಲಿ ಫ್ಯಾಟ್ 34 ಅಂತಿದೆ. ಚುಕ್ಕೆ ಬಿಟ್ಟುಹೋಗಿದೆ, ಅದು 3.4. ಇದನ್ನು ಹಾಗೇ ಬಿಟ್ಟಿದ್ರೆ ಆ ತಿಂಗಳ ಸರಾಸರಿ ಪೂರ್ತಿ ಹಾಳಾಗ್ತಿತ್ತು." ಆಮೇಲೆ ಎಸ್‌ಕ್ಯೂಎಲ್‌ನಲ್ಲಿ ಬೆಳಗ್ಗೆ, ಸಂಜೆ ಬೇರೆ ಬೇರೆ ಸರಾಸರಿ ತೆಗೆದು ತೋರಿಸಿದಳು. ಸಂಜೆ ಹಾಲು ಕಡಿಮೆ, ಫ್ಯಾಟ್ ಜಾಸ್ತಿ. ಯಾಕೆ ಅಂತ ಕೇಳಿದೆ. "ಬೆಳಗ್ಗೆ ಕರೆದು ಸಂಜೆ ಕರೆಯೋಕೆ ಹೊತ್ತು ಕಡಿಮೆ ಸರ್. ರಾತ್ರಿ ಪೂರ್ತಿ ಜಾಸ್ತಿ ಹೊತ್ತು ಸಿಗುತ್ತೆ, ಹಾಲು ಜಾಸ್ತಿ ಆಗುತ್ತೆ, ಫ್ಯಾಟ್ ಇಳಿಯುತ್ತೆ" ಅಂದಳು. ಅಂಕಿಯ ಹಿಂದೆ ಏನಿದೆ ಅಂತ ಗೊತ್ತಿದ್ದವಳು. ನಮಗೆ ಬೇಕಾಗಿದ್ದೂ ಅದೇ.

ನಿಮ್ಮ ಮನೆಯಲ್ಲೂ ಇಂಥದ್ದು ಇರುತ್ತದೆ. ಅಡಿಕೆ ಮಂಡಿಯ ಚೀಟಿ, ಕಿರಾಣಿ ಅಂಗಡಿಯ ಸಾಲದ ಪುಸ್ತಕ, ಸ್ವಸಹಾಯ ಸಂಘದ ಲೆಕ್ಕ. ಬೇರೆಯವರದ್ದಾದರೆ ಹೆಸರು ತೆಗೆದು ನಂಬರ್ ಹಾಕಿ.

ತೊಂದರೆ ಏನೆಂದರೆ ಬಹಳ ಜನ ಇದೇ ದಾರಿಯಲ್ಲಿ ಬರುತ್ತಿದ್ದಾರೆ. ಎಂಐಎಸ್‌ನಲ್ಲಿ ಶುರುವಿನ ಸಂಬಳವೂ ಸಪೋರ್ಟ್‌ನಷ್ಟೇ. ಆದರೆ ಹೆಚ್ಚಿನ ಕಡೆ ಹಗಲು ಕೆಲಸ.

ವೆಬ್ ಡೆವಲಪ್‌ಮೆಂಟ್: ಕಾಲಾವಕಾಶ ಇರುವವರಿಗೆ ಮಾತ್ರ

ವೆಬ್‌ಸೈಟ್‌ಗಳನ್ನು ಕಟ್ಟುವ ಕೆಲಸ. ಎಲ್ಲರ ಕಣ್ಣೂ ಇದರ ಮೇಲೆ. ಕಲಿಯಲು ಇರುವ ಉಚಿತ ಸಾಮಗ್ರಿಯೂ ಇದಕ್ಕೇ ಜಾಸ್ತಿ. 2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪ್, ದಿ ಓಡಿನ್ ಪ್ರಾಜೆಕ್ಟ್, ಹಾರ್ವರ್ಡ್‌ನ ಸಿಎಸ್50, ಈ ಮೂರರಲ್ಲಿ ಒಂದು ಕಾಸೂ ಕೊಡದೆ ಪೂರ್ತಿ ಕಲಿಯಬಹುದು. ಓಡಿನ್ ಪ್ರಾಜೆಕ್ಟ್ ನನಗೆ ಹೆಚ್ಚು ಇಷ್ಟ. ಕೈಹಿಡಿದು ನಡೆಸುವುದಿಲ್ಲ, ನೀವೇ ಓದಿ ನೀವೇ ಕಟ್ಟಬೇಕು.

ಆದರೆ ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್, ಗಿಟ್ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಟೂಲ್), ರಿಯಾಕ್ಟ್ (ಪುಟ ಕಟ್ಟಲು ಜಾವಾಸ್ಕ್ರಿಪ್ಟ್‌ನ ಸಿದ್ಧ ಸಾಮಗ್ರಿ), ಹಿಂದೆ ಒಂದು ಡೇಟಾಬೇಸ್, ಇಷ್ಟೂ ಕೈಗೆ ಹತ್ತಬೇಕು ಅಂದರೆ ಹತ್ತು ತಿಂಗಳಿಂದ ಒಂದು ವರ್ಷ. ಮೂರು ತಿಂಗಳಲ್ಲಿ ಫುಲ್ ಸ್ಟಾಕ್ (ಇದೆಲ್ಲ ಸೇರಿ) ಅನ್ನುವ ಬೋರ್ಡ್ ನೋಡಿದರೆ ಮುಂದೆ ನಡೆಯಿರಿ. ಒಂದೇ ಹುದ್ದೆಗೆ ಎಂಜಿನಿಯರಿಂಗ್ ಮುಗಿಸಿದವರ ಜೊತೆ ಪೈಪೋಟಿ. 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ ಇನ್ನೊಂದು ಬದಲಾವಣೆ ಆಗಿದೆ. ಲಾಗಿನ್ ಪೇಜ್, ಶಾಪಿಂಗ್ ಸೈಟಿನ ನಕಲು ಇಂಥದ್ದನ್ನೆಲ್ಲ ಎಐ ನಿಮಿಷದಲ್ಲಿ ಬರೆದುಕೊಡುತ್ತದೆ. ಅದನ್ನು ರೆಸ್ಯುಮೆಯಲ್ಲಿ ಹಾಕಿದರೆ ಯಾರೂ ತಿರುಗಿ ನೋಡುವುದಿಲ್ಲ. ಈಗ ನಾವು ಏನು ಮಾಡುತ್ತೇವೆ ಅಂದರೆ, "ನಿನ್ನ ಪ್ರಾಜೆಕ್ಟ್ ತೆರಿ, ಇಲ್ಲಿ ಊರಿನ ಪ್ರಕಾರ ಹುಡುಕೋ ಹಾಗೆ ಮಾಡು" ಅಂತ ಎದುರಿಗೇ ಕೂರಿಸುತ್ತೇವೆ. ತಾನೇ ಬರೆದವನು ಹದಿನೈದು ನಿಮಿಷದಲ್ಲಿ ಏನೋ ಒಂದು ಮಾಡುತ್ತಾನೆ. ಬರೆಸಿಕೊಂಡವನಿಗೆ ಯಾವ ಫೈಲ್ ತೆರೆಯಬೇಕು ಅಂತಲೇ ಗೊತ್ತಾಗುವುದಿಲ್ಲ.

ಎಐ ಬಳಸಬೇಡಿ ಅಂತಲ್ಲ. ಅರ್ಥವಾಗದ್ದನ್ನು ಕೇಳಿ, ಕನ್ನಡದಲ್ಲೇ ಕೇಳಿ, ವಿವರಿಸುತ್ತದೆ. ಆದರೆ ಕಲಿಯುವ ಕಾಲದಲ್ಲಿ ಕೋಡ್ ನಿಮ್ಮ ಬೆರಳಿಂದಲೇ ಬರಲಿ.

ಇಷ್ಟೆಲ್ಲ ಹೇಳಿಯೂ, ಕಟ್ಟುವುದು ನಿಜವಾಗಿ ಇಷ್ಟ ಇದ್ದು, ಮನೆಯಲ್ಲಿ ವರ್ಷ ಕಾಯುವ ಹಾಗಿದ್ದರೆ ಇದನ್ನು ಬಿಡಬೇಡಿ. ಮುಂದೆ ಬೆಳೆಯಲು ಇಲ್ಲಿ ಇರುವಷ್ಟು ಜಾಗ ಉಳಿದ ಮೂರರಲ್ಲೂ ಇಲ್ಲ. ಊರಿನಲ್ಲೇ ಕೂತು ಮಾಡುವ ಕೆಲಸ ಸಿಗುವ ಸಾಧ್ಯತೆಯೂ ಇದರಲ್ಲೇ ಜಾಸ್ತಿ.

ಕ್ಲೌಡ್ ಮತ್ತು ಸೈಬರ್ ಸೆಕ್ಯುರಿಟಿ ಬಗ್ಗೆ ಎರಡೇ ಮಾತು. ಎರಡೂ ಒಳ್ಳೆಯ ಕೆಲಸಗಳು, ಆದರೆ ನೇರವಾಗಿ ಫ್ರೆಶರ್‌ಗೆ ಬಾಗಿಲು ಕಡಿಮೆ. ಇರುವ ವ್ಯವಸ್ಥೆಯನ್ನು ನೋಡಿಕೊಂಡ ಅನುಭವವಿಲ್ಲದವರ ಕೈಗೆ ಯಾರೂ ಅದನ್ನು ಒಪ್ಪಿಸುವುದಿಲ್ಲ. ಸಪೋರ್ಟ್‌ನಿಂದ ಹೋಗುವ ಎರಡನೇ ಕೆಲಸ ಅಂತ ಇಟ್ಟುಕೊಳ್ಳಿ. ಕ್ಲೌಡ್ ಖಾತೆ ತೆರೆದು ಅಭ್ಯಾಸ ಮಾಡುವವರು ಮೊದಲ ದಿನವೇ ಬಜೆಟ್ ಎಚ್ಚರಿಕೆ ಹಾಕಿಕೊಳ್ಳಿ. ಉಚಿತ ಅಂತ ಬಿಟ್ಟು ಮರೆತರೆ ಕಾರ್ಡ್‌ಗೆ ಬಿಲ್ ಬರಬಹುದು.

ಒಬ್ಬರೇ ಕಲಿಯುವುದಾ, ಇನ್‌ಸ್ಟಿಟ್ಯೂಟಾ?

ದಾರಿ ಗೊತ್ತಾದ ಮೇಲೆ ಬರುವ ಪ್ರಶ್ನೆ ಇದು. ಒಂದು ಕಡೆ ಪೂರ್ತಿ ಉಚಿತ, ಇನ್ನೊಂದು ಕಡೆ ಬಿಟಿಎಂ ಲೇಔಟ್, ಮಾರತ್‌ಹಳ್ಳಿಯ ಇನ್‌ಸ್ಟಿಟ್ಯೂಟ್‌ಗಳು, ಮತ್ತೊಂದು ಕಡೆ ಇಎಂಐ ಮೇಲೆ ಕೊಡುವ ಲಕ್ಷದ ಆನ್‌ಲೈನ್ ಕೋರ್ಸ್‌ಗಳು.

ಉಚಿತವಾಗಿ ಕಲಿಯುವವರಿಗೆ ಪಾಠದ ಕೊರತೆ ಇಲ್ಲ, ದಿನಚರಿಯ ಕೊರತೆ ಇದೆ. ಅದಕ್ಕೆ ಎನ್‌ಪಿಟಿಇಎಲ್ ಒಳ್ಳೆಯ ಔಷಧಿ. ಐಐಟಿಗಳು ಮತ್ತು ನಮ್ಮ ಐಐಎಸ್‌ಸಿ ಸೇರಿ ನಡೆಸುವ ಪಾಠಗಳು. ನೋಡಲು ಉಚಿತ. ವಾರವಾರ ಅಸೈನ್‌ಮೆಂಟ್ ಇರುತ್ತದೆ, ಅದಕ್ಕೆ ಕೊನೆಯ ದಿನಾಂಕ ಇರುತ್ತದೆ. 1000 ರೂಪಾಯಿ ಕಟ್ಟಿದರೆ ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆಯುವ ಪರೀಕ್ಷೆ. ಮನೆಯಲ್ಲಿ ಕೂತು ಪಡೆದ ಹತ್ತು ಸರ್ಟಿಫಿಕೇಟ್‌ಗಿಂತ ಇದೊಂದನ್ನು ನಾನು ಹೆಚ್ಚು ನಂಬುತ್ತೇನೆ. ಇಂಗ್ಲಿಷ್ ಪಾಠ ತಲೆಗೆ ಹೋಗುತ್ತಿಲ್ಲ ಅನ್ನುವವರು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ನೋಡಿ. ಲಿನಕ್ಸ್, ಸಿ, ಜಾವಾ ಮುಂತಾದವು ಕನ್ನಡ ಧ್ವನಿಯಲ್ಲಿವೆ, ಒಂದೊಂದು ಪಾಠ ಹತ್ತು ನಿಮಿಷದ ಆಸುಪಾಸು. ಮೊದಲ ತಿಂಗಳು ಕನ್ನಡದಲ್ಲಿ ಅರ್ಥ ಮಾಡಿಕೊಂಡು ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ನೋಡಿದರೆ ಪದಗಳೂ ಬರುತ್ತವೆ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ.

ಇನ್‌ಸ್ಟಿಟ್ಯೂಟ್‌ಗೆ ನಾನೂ ಹೋಗಿದ್ದೆ. ಅಪ್ಪ ಕೊಟ್ಟ ಹನ್ನೆರಡು ಸಾವಿರ ಕಟ್ಟಿದೆ. ಮೂರನೇ ವಾರಕ್ಕೆ ಪಾಠ ಮಾಡುವವರು ಬಿಟ್ಟುಹೋದರು, ಬಂದ ಹೊಸಬರು ಮೊದಲಿಂದ ಶುರು ಮಾಡಿದರು. ದುಡ್ಡು ವಾಪಸ್ ಕೇಳಿದರೆ ರಸೀತಿಯ ಹಿಂಭಾಗ ತೋರಿಸಿದರು. ಆ ದುಡ್ಡಿನ ನೋವು ನನಗೆ ಇವತ್ತಿಗೂ ಹೋಗಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕಟ್ಟುವ ಮೊದಲು ಎರಡು ಕ್ಲಾಸ್ ಉಚಿತವಾಗಿ ಕೂತು ನೋಡಿ. ಬೋರ್ಡ್‌ನಲ್ಲಿ ಫೋಟೊ ಇರುವವರನ್ನಲ್ಲ, ಹಿಂದಿನ ಬ್ಯಾಚ್‌ನಲ್ಲಿ ಈಗ ಮುಗಿಸಿದವರನ್ನು ಹೊರಗೆ ಟೀ ಅಂಗಡಿಯಲ್ಲಿ ಮಾತಾಡಿಸಿ. ಫೀಸನ್ನು ಎರಡು ಮೂರು ಕಂತಿನಲ್ಲಿ ಕಟ್ಟುತ್ತೇನೆ ಅನ್ನಿ. ಒಳ್ಳೆಯ ಇನ್‌ಸ್ಟಿಟ್ಯೂಟ್‌ಗಳೂ ಇವೆ. ಅಲ್ಲಿ ಜೊತೆಗಾರರು ಸಿಗುತ್ತಾರೆ, ಅಣಕು ಇಂಟರ್‌ವ್ಯೂ ನಡೆಯುತ್ತದೆ, ಕಂಪನಿಗಳಿಗೆ ಹೆಸರು ಕಳಿಸುತ್ತಾರೆ. ಒಬ್ಬರೇ ಕೂತರೆ ಹತ್ತನೇ ದಿನಕ್ಕೆ ಬಿಟ್ಟುಬಿಡುತ್ತೇನೆ ಅಂತ ನಿಮಗೇ ಗೊತ್ತಿದ್ದರೆ ಆ ದುಡ್ಡು ದಂಡವಲ್ಲ. ಆದರೆ ಫೀಸಿನ ಜೊತೆ ನಾಲ್ಕು ತಿಂಗಳ ಪಿಜಿ ಮತ್ತು ಊಟದ ಖರ್ಚನ್ನೂ ಕೂಡಿಸಿ ನೋಡಿ. ಎಷ್ಟೋ ಸಲ ಅದೇ ಫೀಸಿಗಿಂತ ಜಾಸ್ತಿ.

ಇಎಂಐ ಕೋರ್ಸ್‌ಗೆ ಸಹಿ ಹಾಕುವ ಮೊದಲು ಒಂದು ತಿಳಿದಿರಲಿ. ಹೆಚ್ಚಿನವು ಕಂತು ಅಲ್ಲ, ಬೇರೊಂದು ಫೈನಾನ್ಸ್ ಕಂಪನಿ ನಿಮ್ಮ ಹೆಸರಿನಲ್ಲೋ ಅಪ್ಪನ ಹೆಸರಿನಲ್ಲೋ ಕೊಡುವ ಸಾಲ. ಕೋರ್ಸ್ ಚೆನ್ನಾಗಿಲ್ಲ ಅಂತ ಬಿಟ್ಟರೂ ಕಂತು ನಿಲ್ಲುವುದಿಲ್ಲ, ತಪ್ಪಿದರೆ ಸಿಬಿಲ್ ಸ್ಕೋರ್ ಬೀಳುತ್ತದೆ. ಕೆಲಸವಿಲ್ಲದ ಮನೆಗೆ ಇದನ್ನು ನಾನು ಯಾವತ್ತೂ ಹೇಳುವುದಿಲ್ಲ.

ದುಡ್ಡು ಕೊಟ್ಟರೆ ಕೆಲಸ ಕೊಡಿಸುತ್ತೇವೆ ಅನ್ನುವವರಿಂದ, ಎರಡು ವರ್ಷದ ಸುಳ್ಳು ಅನುಭವ ಹಾಕಿಕೊಡುತ್ತೇವೆ ಅನ್ನುವವರಿಂದ ದೂರ ಇರಿ. ಕಂಪನಿಗಳು ಪಿಎಫ್‌ನ ಯುಎಎನ್ (ನೌಕರನ ಪಿಎಫ್ ಸಂಖ್ಯೆ) ದಾಖಲೆ ನೋಡುತ್ತವೆ. ಎಲ್ಲಿ, ಯಾವಾಗ ಕೆಲಸ ಮಾಡಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತದೆ. ಸೇರಿ ಎರಡು ತಿಂಗಳಾದ ಮೇಲೆ ಸಿಕ್ಕಿಬಿದ್ದು ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಹೋದವರನ್ನು ಕಣ್ಣಾರೆ ನೋಡಿದ್ದೇನೆ. ಬುದ್ಧಿವಂತ ಹುಡುಗರೇ.

ಹಾಗಾದರೆ ಯಾರಿಗೆ ಯಾವುದು

ಮನೆಯಲ್ಲಿ ಆರು ತಿಂಗಳೂ ಕಾಯುವ ಹಾಗಿಲ್ಲ, ತಕ್ಷಣ ಸಂಬಳ ಬೇಕು ಅಂದರೆ ಸಪೋರ್ಟ್. ಇಂಗ್ಲಿಷ್ ಮಾತು ತೀರಾ ಕಷ್ಟ ಅಂದರೂ ಅದನ್ನೇ ನೋಡಿ, ಆದರೆ ಗ್ರಾಹಕರ ಕರೆ ಇಲ್ಲದ ಡೆಸ್ಕ್‌ಟಾಪ್ ಸಪೋರ್ಟ್ ಹುಡುಕಿ. ಅಲ್ಲಿ ಆಫೀಸಿನ ಒಳಗಿನವರ ಜೊತೆ ಕನ್ನಡ, ಅಲ್ಪಸ್ವಲ್ಪ ಹಿಂದಿ, ಇಂಗ್ಲಿಷ್ ಸೇರಿಸಿ ನಡೆಯುತ್ತದೆ. ಬಿ.ಕಾಂ. ಆಗಿ ಲೆಕ್ಕ ಅಂದರೆ ಬೇಸರ ಇಲ್ಲದವರು, ರಾತ್ರಿ ಶಿಫ್ಟ್‌ಗೆ ಮನೆಯಲ್ಲಿ ಒಪ್ಪದವರು ಡೇಟಾ ಕಡೆ ಹೋಗಿ. ಬಿಪಿಒದಲ್ಲಿ ಎರಡು ಮೂರು ವರ್ಷ ಮಾಡಿ ಅದರಿಂದ ಹೊರಗೆ ಬರಬೇಕು ಅನ್ನುವವರಿಗೆ ಟೆಸ್ಟಿಂಗ್ ಚೆನ್ನಾಗಿ ಹೊಂದುತ್ತದೆ. ಗ್ರಾಹಕರು ಎಲ್ಲಿ ಎಡವುತ್ತಾರೆ ಅಂತ ನಿಮಗೆ ಈಗಾಗಲೇ ಗೊತ್ತು. ಬಿಸಿಎ, ಬಿ.ಇ. ಆಗಿ ಮನೆಯ ಒತ್ತಡ ಕಡಿಮೆ ಇರುವವರು ವೆಬ್ ಹಿಡಿದು ಒಂದು ವರ್ಷ ಗಟ್ಟಿಯಾಗಿ ಕೂರಿ. ಸಂಬಳ ಬರುವ ಬೇರೆ ಕೆಲಸ ಕೈಯಲ್ಲಿದ್ದು ರಾತ್ರಿ ಎರಡು ಗಂಟೆ ಮಾತ್ರ ಸಿಗುವವರು ಯಾವುದನ್ನೇ ಆರಿಸಿದರೂ ಮೇಲಿನ ತಿಂಗಳುಗಳನ್ನು ಒಂದೂವರೆ ಪಟ್ಟು ಮಾಡಿಕೊಳ್ಳಿ, ಇರುವ ಕೆಲಸ ಬಿಡಬೇಡಿ.

ಇನ್ನೂ ಎರಡರ ಮಧ್ಯೆ ತೂಗಾಡುತ್ತಿದ್ದರೆ ಹದಿನಾರು ದಿನ ತೆಗೆದಿಡಿ. ನಾಲ್ಕು ದಿನ ಪ್ಯಾಕೆಟ್ ಟ್ರೇಸರ್‌ನಲ್ಲಿ ಎರಡು ಕಂಪ್ಯೂಟರ್ ಮಾತಾಡುವ ಹಾಗೆ ಮಾಡಿ. ನಾಲ್ಕು ದಿನ ಯಾವುದಾದರೂ ಫಾರ್ಮ್ ಹಿಡಿದು ತಪ್ಪು ಹುಡುಕಿ ಬರೆಯಿರಿ. ನಾಲ್ಕು ದಿನ ಮನೆಯ ಲೆಕ್ಕವನ್ನು ಎಕ್ಸೆಲ್‌ಗೆ ಏರಿಸಿ. ಉಳಿದ ನಾಲ್ಕು ದಿನ ನಿಮ್ಮ ಊರಿನ ಜಾತ್ರೆಯ ಬಗ್ಗೆ ಒಂದು ವೆಬ್ ಪುಟ ಮಾಡಿ. ಯಾವ ನಾಲ್ಕು ದಿನ ಊಟಕ್ಕೆ ಕರೆದರೂ "ಬಂದೆ ಇರಮ್ಮ" ಅಂತ ಕೂತಿದ್ದಿರಿ ಅನ್ನುವುದು ನಿಮಗೇ ಗೊತ್ತಾಗುತ್ತದೆ. ಹದಿನೇಳನೇ ದಿನ ನೌಕ್ರಿ ಅಥವಾ ಲಿಂಕ್ಡ್‌ಇನ್ ತೆರೆದು ಆ ಕೆಲಸದ ಮೂವತ್ತು ಫ್ರೆಶರ್ ಜಾಹೀರಾತು ಓದಿ. ಮತ್ತೆ ಮತ್ತೆ ಬರುವ ಪದಗಳನ್ನು ಒಂದು ಹಾಳೆಯಲ್ಲಿ ಬರೆದು, ಎಷ್ಟು ಸಲ ಬಂತು ಅಂತ ಪಕ್ಕದಲ್ಲಿ ಗೆರೆ ಹಾಕುತ್ತಾ ಹೋಗಿ. ಜಾಸ್ತಿ ಗೆರೆ ಬಿದ್ದ ಮೊದಲ ಐದು ಪದ ನಿಮ್ಮ ಸಿಲಬಸ್. ಆ ಹಾಳೆಯನ್ನು ಕೂರುವ ಜಾಗದ ಎದುರಿನ ಗೋಡೆಗೆ ಅಂಟಿಸಿ, ಮರುದಿನದಿಂದ ಶುರು ಮಾಡಿ.